ಕಪಾಟಿನ ಮುಂದಿನ ಮೂಲೆ

ಮೊಲಕ್ಕೆ ಬುದ್ಧಿಯಿಲ್ಲ, ಕಂಡಕಂಡಲ್ಲಿ ಹಿಕ್ಕೆ ಹಾಕುತ್ತದೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ಕಂಡಕಂಡಲ್ಲಿ ಹಾಕುವುದಿಲ್ಲ. ಎಲ್ಲಿ ಹಾಕಬೇಕೆಂದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಯಾಕೆ ಅಲ್ಲಿಯೇ ಎಂದು ನಮಗೆ ಗೊತ್ತಿರುವುದಿಲ್ಲ, ಅಷ್ಟೆ.

ನಾವು ಆಗ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದೆವು. ಒಂದು ಬೆಡ್‌ರೂಮು, ಒಂದು ಹಾಲು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಮಗ ಹನ್ನೆರಡನೇ ಕ್ಲಾಸು ಮುಗಿಸಿ ಮಂಗಳೂರಿನ ಕಾಲೇಜಿಗೆ ಹೋಗಿದ್ದ. ಗಂಡ ಬೆಳಿಗ್ಗೆ ಜೆಬೆಲ್ ಅಲಿಯ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ನಡುವೆ ನಾನು ಮತ್ತು ಏಸಿಯ ಸದ್ದು. ಅಲ್ಲಿ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವವರು ಸೋಫಾ ಮಾರುತ್ತಾರೆ, ವಾಷಿಂಗ್ ಮಷೀನ್ ಮಾರುತ್ತಾರೆ. ಮಾರಾಟವಾಗದ ಮೊಲವನ್ನು ಕೆಳಗೆ ಗಿಡಗಳ ಬುಡದಲ್ಲಿ ಬಿಟ್ಟು ಏರ್‌ಪೋರ್ಟಿಗೆ ಹೋಗುತ್ತಾರೆ. ಹಾಗೆ ಯಾರೋ ಬಿಟ್ಟು ಹೋದ ಒಂದು ಬಿಳಿ ಹೆಣ್ಣು ಮೊಲ ಬೋಗನ್‌ವಿಲ್ಲಾ ಪೊದೆಯಡಿಯಲ್ಲಿ ಬಿಸಿಲಿಗೆ ಏದುಸಿರು ಬಿಡುತ್ತಾ ಕೂತಿತ್ತು. ನಾನು ಅದನ್ನು ದುಪಟ್ಟಾದಲ್ಲಿ ಸುತ್ತಿ ಮೇಲೆ ತಂದೆ. ಹೆಸರಿಡಲಿಲ್ಲ. ಗಂಡ ಕೇಳಿದಾಗ, ಹೆಸರಿಟ್ಟ ಮೇಲೆ ಕಳೆದುಕೊಳ್ಳುವುದು ಕಷ್ಟ ಎಂದೆ.

ಮೊದಲ ಕೆಲವು ದಿನದ ಮಂಡೆಬಿಸಿ ಹೇಳಿ ಸುಖವಿಲ್ಲ. ಸೋಫಾದ ಹಿಂದೆ, ಚಪ್ಪಲಿಯ ಒಳಗೆ, ಒಮ್ಮೆ ಗಂಡನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ. ಯಲ್ಲಾ, ನಡಿ, ಇದನ್ನು ತಂದಲ್ಲಿಗೇ ಬಿಟ್ಟು ಬಾ ಎಂದು ಅವರು ಬಾಗಿಲು ತೋರಿಸಿದರು. ನಾನು ಹಟ ಹಿಡಿದೆ. ನನ್ನ ಹಟ ಅವರಿಗೆ ಗೊತ್ತು, ಮೊಲ ಉಳಿಯಿತು.

ಕಲಿಸುವ ಕ್ರಮವನ್ನು ನಾನು ನೋಡಿ, ಕೇಳಿ, ತಪ್ಪಿ ಕಲಿತೆ. ಮೊದಲು ಅದಕ್ಕೆ ಇಡೀ ಮನೆ ಕೊಡಬಾರದು. ಹಾಲಿನ ಒಂದು ಮೂಲೆಗೆ ಬೇಲಿ ಹಾಕಿ ಅಲ್ಲಿಯೇ ಇಡಬೇಕು. ಬೆಕ್ಕಿಗೆ ಇಡುವಂಥ ಅಗಲದ ಟ್ರೇ ತಂದು, ಅಡಿಗೆ ಪೇಪರು, ಮೇಲೆ ಮರದ ಹೊಟ್ಟಿನ ಗುಳಿಗೆ, ಒಂದು ತುದಿಗೆ ಒಣಹುಲ್ಲು. ಮೊಲ ತಿನ್ನುತ್ತಾ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಹುಲ್ಲು ಇದ್ದಲ್ಲಿಗೆ ಬರುತ್ತದೆ, ಬಂದಲ್ಲಿ ಕೂರುತ್ತದೆ. ಹೊರಗೆ ಎಲ್ಲಿಯಾದರೂ ಒದ್ದೆ ಮಾಡಿದರೆ ಬೈಯಬಾರದು, ಬೈದರೆ ಅದಕ್ಕೆ ಅರ್ಥವಾಗುವುದು ನಮ್ಮ ಸ್ವರ ಮಾತ್ರ. ಆ ಒದ್ದೆಯನ್ನು ಪೇಪರಿನಲ್ಲಿ ಒತ್ತಿ, ಆ ಪೇಪರನ್ನು ಟ್ರೇಯಲ್ಲಿಡಬೇಕು. ನೆಲವನ್ನು ಮಾತ್ರ ವಿನೆಗರ್ ಹಾಕಿ ವಾಸನೆ ಹೋಗುವ ತನಕ ಒರೆಸಬೇಕು. ಟ್ರೇಯನ್ನು ಹಾಗೆ ಒರೆಸಲಿಕ್ಕಿಲ್ಲ. ಅದನ್ನು ಪೂರ್ತಿ ತೊಳೆದರೆ ಕಲಿತದ್ದೂ ತೊಳೆದು ಹೋಗುತ್ತದೆ. ಉಳಿಯಬೇಕಾದಲ್ಲಿ ವಾಸನೆ ಉಳಿಸಬೇಕು, ಬಿಡಬೇಕಾದಲ್ಲಿ ಅಳಿಸಬೇಕು. ಅಷ್ಟೇ ವಿದ್ಯೆ. ತಿಂಗಳು ಕಳೆಯುವ ಹೊತ್ತಿಗೆ ಬಿಳಿ ಹೆಣ್ಣು ಬೇಲಿಯಿಲ್ಲದೆ ಮನೆಯಿಡೀ ಓಡಾಡಿ, ತಾನಾಗಿ ಟ್ರೇಗೆ ಹೋಗಿ ಕೂರುವಷ್ಟು ಜಾಣೆಯಾದಳು. ಗಂಡ ಆಫೀಸಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿ ಬಂದರು. ಜಂಬ ಮಾತ್ರ ಅವರದು, ಒರೆಸಿದ ಕೈ ನನ್ನದು.

ಅದೇ ಮಹಡಿಯಲ್ಲಿ ಉಳ್ಳಾಲ ಕಡೆಯ ಒಬ್ಬ ಬ್ಯಾರಿ ಹೆಂಗಸು ಇದ್ದಳು, ನನಗಿಂತ ಹಿರಿಯಳು. ಮನೆಯಲ್ಲಿ ಬ್ಯಾರಿ ಮಾತಾಡಿ, ನನ್ನ ಹತ್ತಿರ ತುಳುವಿಗೆ ತಿರುಗುತ್ತಿದ್ದಳು. ಅವಳಲ್ಲಿ ಒಂದು ಬೂದು ಬಣ್ಣದ ಗಂಡು ಮೊಲ ಇತ್ತು, ಆಪರೇಷನ್ ಮಾಡಿಸಿದ್ದು, ಸಾಧು. ಅವಳ ಗಂಡನ ಕೆಲಸ ಹೋಗಿ ಅವರು ಊರಿಗೆ ಹೊರಟಾಗ ಆ ಬೂದು ಗಂಡನ್ನು ನನ್ನ ಮಡಿಲಲ್ಲಿ ಹಾಕಿದಳು. ಮೊಲ ಒಂಟಿಯಾಗಿ ಇರಬಾರದು, ಜೊತೆ ಇಲ್ಲದಿದ್ದರೆ ಕೊರಗಿ ಸಾಯುತ್ತದೆ ಎಂದಳು. ಹೋಗುವ ಮೊದಲು ಎರಡಕ್ಕೂ ಪರಿಚಯ ಮಾಡಿಸುವ ಕ್ರಮವನ್ನೂ ಹೇಳಿಕೊಟ್ಟಳು. ಥಟ್ಟನೆ ಎದುರುಬದುರು ಬಿಡಬಾರದು, ಕಚ್ಚಿಕೊಳ್ಳುತ್ತವೆ. ಇವನ ಹಾಸಿನ ಬಟ್ಟೆಯನ್ನು ಅವಳಿಗೆ, ಅವಳದ್ದನ್ನು ಇವನಿಗೆ ಕೊಟ್ಟು, ಮೊದಲು ವಾಸನೆಗೆ ವಾಸನೆ ಹೊಂದಿಸಬೇಕು. ಆಮೇಲೆ ಇಬ್ಬರದ್ದೂ ಅಲ್ಲದ ಜಾಗದಲ್ಲಿ, ಬಾತ್‌ರೂಮಿನಲ್ಲಿ, ಸ್ವಲ್ಪ ಹೊತ್ತು ಒಟ್ಟಿಗೆ ಬಿಡಬೇಕು. ನಮ್ಮ ಹಿರಿಯರು ಹುಡುಗಿ ನೋಡುವ ಶಾಸ್ತ್ರಕ್ಕೆ ಇಷ್ಟು ಜಾಗ್ರತೆ ಮಾಡಿದ್ದರೆ ಎಷ್ಟು ಮನೆ ಉಳಿಯುತ್ತಿತ್ತು ಎಂದು ನಾನಂದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಊರಿಗೆ ಹೋಗುವ ಸಂಕಟವೂ ಆ ನಗುವಿನಲ್ಲಿ ಇತ್ತು.

ಬೂದು ಗಂಡು ಬಂದ ಮೇಲೆ ಬಿಳಿ ಹೆಣ್ಣಿನ ಕಲಿಕೆಯೆಲ್ಲ ಹಾಳಾಯಿತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎನ್ನುವ ಹಾಗೆ, ಅವನು ಕೂತದ್ದು ತಪ್ಪು, ನಿಂತದ್ದು ತಪ್ಪು. ಮನೆ ತನ್ನದೆಂದು ತೋರಿಸಲು ಹೋದಲ್ಲೆಲ್ಲ ಹಿಕ್ಕೆ ಉದುರಿಸಿದಳು. ಇದು ಹೊಸತಾಗಿ ಜೊತೆ ಬಂದಾಗ ಆಗುವಂಥದ್ದೇ, ಬ್ಯಾರಿ ಹೆಂಗಸು ಮೊದಲೇ ಹೇಳಿದ್ದಳು. ನಾನು ಮತ್ತೆ ಪೇಪರು, ಮತ್ತೆ ವಿನೆಗರ್ ಎಂದು ಶುರು ಮಾಡಿದೆ. ಅವನು ಹಾಲಿನ ಟ್ರೇಗೆ ಸಲೀಸಾಗಿ ಹೊಂದಿಕೊಂಡ. ಅವಳೂ ನಿಧಾನವಾಗಿ ಎಲ್ಲ ಕಡೆ ನಿಲ್ಲಿಸಿದಳು, ಒಂದು ಜಾಗ ಬಿಟ್ಟು. ಬೆಡ್‌ರೂಮಿನಲ್ಲಿ, ಬಟ್ಟೆಯ ಕಪಾಟಿನ ಮುಂದೆ, ಗೋಡೆ ಸೇರುವ ಮೂಲೆ. ದಿನಾ ಅಲ್ಲಿಯೇ. ಒರೆಸಿದರೂ ಅಲ್ಲಿಯೇ. ಮಾಡಿ ಮುಗಿಸಿ ಓಡಿ ಹೋಗುತ್ತಲೂ ಇರಲಿಲ್ಲ. ಕಪಾಟಿಗೆ ಮುಖ ಮಾಡಿ, ಕಿವಿ ನಿಮಿರಿಸಿ ಕೂರುತ್ತಿದ್ದಳು. ಒಂದೊಂದು ಸಲ ಹಿಂಗಾಲಿನಿಂದ ನೆಲಕ್ಕೆ ಧಬ್ ಎಂದು ಹೊಡೆಯುತ್ತಿದ್ದಳು. ಮೊಲ ಹಾಗೆ ಹೊಡೆಯುವುದು ಹತ್ತಿರ ಯಾರೋ ಇದ್ದಾರೆ ಎನ್ನಿಸಿದಾಗ. ಹಾಡಹಗಲು, ಕಿಟಕಿಯ ಹೊರಗೆ ಬೆಂಕಿಯಂಥ ಬಿಸಿಲು, ಆ ಸದ್ದಿಗೆ ನನ್ನ ಕೈಯ ರೋಮ ಎದ್ದು ನಿಲ್ಲುತ್ತಿತ್ತು.

ಯಾಕೆಂದರೆ ಆ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಶಾಲುಗಳ ಅಡಿಯಲ್ಲಿ, ಒಂದು ಬಟ್ಟೆಯ ಚೀಲ ಇತ್ತು. ಚೀಲದಲ್ಲಿ ಒಂದು ಉಣ್ಣೆಯ ಟೊಪ್ಪಿ, ಹಳದಿ ಬಣ್ಣದ್ದು. ಅದು ನನ್ನ ಮಗಳದ್ದು.

ಮಗನಿಗಿಂತ ಮೊದಲು ನನಗೊಬ್ಬಳು ಮಗಳು ಹುಟ್ಟಿದ್ದಳು. ನಾನು ಆಗ ಉಡುಪಿ ಹತ್ತಿರ ತಾಯಿಮನೆಯಲ್ಲಿದ್ದೆ, ಗಂಡ ಅಬುಧಾಬಿಯಲ್ಲಿ. ರಜೆ ಸಿಗಲಿಲ್ಲ. ಟೂರಿಸ್ಟ್ ಕ್ಲಬ್ ಏರಿಯಾದ ಯಾವುದೋ ಅಂಗಡಿಯಲ್ಲಿ ಉಣ್ಣೆಯ ಟೊಪ್ಪಿ ಕೊಂಡು, ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದರು. ಏಪ್ರಿಲ್ ತಿಂಗಳ ಕರಾವಳಿಗೆ ಉಣ್ಣೆಯ ಟೊಪ್ಪಿ! ಅವರು ಏಸಿಯಲ್ಲಿ ನಡುಗುತ್ತಾ ಕೂತು, ಮಗುವೂ ನಡುಗುತ್ತಿದೆ ಎಂದು ತಿಳಿದಿರಬೇಕು. ಮನೆಯವರೆಲ್ಲ ನಕ್ಕರು. ನಾನು ಮಾತ್ರ ಬೆಳಿಗ್ಗೆ ಸ್ವಲ್ಪ ತಂಪಿರುವಾಗ ಅದನ್ನು ಹಾಕಿ, ಇದು ನಿನ್ನ ಅಪ್ಪನ ಕೈ ಎಂದು ಹೇಳುತ್ತಿದ್ದೆ. ಮಗು ಎರಡು ತಿಂಗಳು ತುಂಬುವ ಮೊದಲೇ ಜ್ವರ ಬಂದು ಹೋಯಿತು. ಅಪ್ಪ ಅದರ ಮುಖ ನೋಡಲಿಲ್ಲ. ಫೋಟೋ ತೆಗೆಸಿರಲಿಲ್ಲ, ತೊಟ್ಟಿಲು ಹಾಕುವ ದಿನ ತೆಗೆಸುವ ಎಂದು ಬಿಟ್ಟಿದ್ದೆವು. ಮಾಮಿ, ಅಂದರೆ ನನ್ನ ಅತ್ತೆ, ಬಂದು ಮಗುವಿನ ಬಟ್ಟೆಬರೆಯೆಲ್ಲ ಒಟ್ಟು ಮಾಡಿ ಸುಟ್ಟರು. ಉಳಿಸಬಾರದು, ಉಳಿಸಿದರೆ ಮಗು ತಿರುಗಿ ತಿರುಗಿ ಬರುತ್ತದೆ ಎಂದರು. ಟೊಪ್ಪಿ ಆಗ ನನ್ನ ರವಿಕೆಯ ಒಳಗಿತ್ತು. ತಿರುಗಿ ಬಂದರೆ ಬರಲಿ ಎಂದೇ ಇಟ್ಟುಕೊಂಡೆ. ಆಮೇಲೆ ಫ್ಯಾಮಿಲಿ ವೀಸಾ ಆಗಿ ನಾನು ಬಂದಾಗ ಅದೂ ಬಂತು, ಮನೆ ಬದಲಿಸಿದಾಗಲೆಲ್ಲ ಜೊತೆಗೆ ಬಂತು. ಒಮ್ಮೆಯೂ ಒಗೆಯಲಿಲ್ಲ. ಗಂಡನಿಗೆ ಹೇಳಲೂ ಇಲ್ಲ. ನಮ್ಮ ನಡುವೆ ಆ ಮಗುವಿನ ಮಾತು ಬರುತ್ತಿರಲಿಲ್ಲ.

ನಮ್ಮ ತುಳುವರಲ್ಲಿ ಸತ್ತ ಮಕ್ಕಳೂ ಬೆಳೆಯುತ್ತವೆ. ಇದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಕ್ಕರೆ ನಗಲಿ. ಮಗುವಾಗಿ ಹೋದದ್ದು ಕಾಣದ ಲೋಕದಲ್ಲಿ ದೊಡ್ಡದಾಗುತ್ತದೆ, ಪ್ರಾಯಕ್ಕೆ ಬರುತ್ತದೆ, ಮದುವೆ ಕೇಳುತ್ತದೆ. ಕೇಳಿದ್ದು ಸಿಗದಿದ್ದರೆ ಮನೆಯಲ್ಲಿ ಬದುಕಿರುವವರ ಮದುವೆಗೆ ಅಡ್ಡ ಬರುತ್ತದೆ. ಆಗ ಹಾಗೆಯೇ ಸಣ್ಣದರಲ್ಲಿ ತೀರಿಹೋದ ಒಂದು ಗಂಡನ್ನು ಹುಡುಕಿ, ಜಾತಿ, ಕುಲದ ಬಳಿ ಎಲ್ಲ ನೋಡಿ, ಎರಡೂ ಮನೆಯವರು ಕೂತು ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಕುಲೆಗಳ, ಅಂದರೆ ಸತ್ತವರ ಮದುವೆ. ಸೀರೆ, ಪಂಚೆ, ಬಳೆ, ಮಲ್ಲಿಗೆ, ಊಟ, ಯಾವುದಕ್ಕೂ ಕಡಿಮೆಯಿಲ್ಲ. ಮದುಮಕ್ಕಳು ಮಾತ್ರ ಕಾಣುವುದಿಲ್ಲ.

ಬೂದು ಗಂಡು ನಮ್ಮ ಮನೆಗೆ ಬಂದ ಅದೇ ದಿನಗಳಲ್ಲಿ ಮಾಮಿಯ ಫೋನು ಬಂತು. ಮೈದುನನ ಮಗಳಿಗೆ ಕೂಡಿ ಬಂದ ಸಂಬಂಧವೆಲ್ಲ ಕೊನೆಗೆ ಮುರಿದು ಬೀಳುತ್ತಿತ್ತು. ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟು ನೋಡಿದಾಗ, ಮನೆಯ ಹಿರಿಯ ಹೆಣ್ಣು ಹಾಗೆಯೇ ಉಳಿದಿದೆ, ಅದಕ್ಕೆ ಮೊದಲು ದಾರಿ ಮಾಡಿ ಎಂದು ಕಂಡಿತಂತೆ. ಕಾರ್ಕಳದ ಕಡೆ ಒಂದು ಮನೆಯಲ್ಲಿ ಗಂಡೂ ಇದೆಯಂತೆ, ಮೂರು ವರ್ಷದವನಿದ್ದಾಗ ಕೆರೆಗೆ ಬಿದ್ದು ಹೋದವನು. ಒಳ್ಳೆಯ ಮನೆತನ ಎಂದು ಮಾಮಿ ಹೇಳಿದ ರೀತಿ ನೋಡಿದರೆ, ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರ್ ಇದ್ದಾನೋ ಎಂದು ತೋರಬೇಕು. ಕೊನೆಗೆ ಕೇಳಿದರು, ಮಗುವಿಗೆ ತಾಗಿದ್ದು ಏನಾದರೂ ಉಂಟಾ, ಇದ್ದರೆ ಧಾರೆಯ ಸೀರೆಯ ಮೇಲೆ ಇಡಬಹುದು, ಮಗುವಿಗೆ ದಾರಿ ಬೇಗ ಸಿಗುತ್ತದೆ ಎಂದು.

ಏನೂ ಇಲ್ಲ, ನೀವೇ ಎಲ್ಲ ಸುಟ್ಟಿದ್ದೀರಲ್ಲ ಎಂದೆ.

ಫೋನಿಟ್ಟ ಮೇಲೆ ಕಪಾಟಿನ ಮುಂದೆ ನೆಲದಲ್ಲಿ ಕೂತೆ. ಜಾರುಬಾಗಿಲು ಸರಿಸಿ ಚೀಲ ತೆಗೆದು ಟೊಪ್ಪಿಯನ್ನು ಮೂಗಿಗೆ ಹಿಡಿದೆ. ಬಹಳ ವರ್ಷದಿಂದ ಹಾಗೆ ಮಾಡಿರಲಿಲ್ಲ. ಒಮ್ಮೆ ಮಾಡಿದ ಮೇಲೆ ದಿನಾ ಮಧ್ಯಾಹ್ನ ಅದೇ ಕೆಲಸವಾಯಿತು. ನಾನು ಟೊಪ್ಪಿ ಹಿಡಿದು ಕೂರುವುದು, ಬಿಳಿ ಹೆಣ್ಣು ಪಕ್ಕದಲ್ಲಿ ಬಂದು ಕಪಾಟಿಗೆ ಮುಖ ಮಾಡುವುದು. ಈಗ ಎಷ್ಟು ಎತ್ತರ ಇದ್ದೀಯಾ, ಜಡೆ ಉಂಟಾ, ಅಪ್ಪನ ಹಾಗೆ ಕೋಲುಮುಖವಾ ಎಂದು ನಾನು ಕೇಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಒಮ್ಮೊಮ್ಮೆ ಮೊಲ ಧಬ್ ಎಂದು ನೆಲಕ್ಕೆ ಹೊಡೆಯುತ್ತಿತ್ತು, ನನಗೆ ಅಷ್ಟು ಸಾಕಾಗುತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ ಎಂದರೆ ನೀವು ನಂಬಬೇಕು. ಮಗಳು ಇದ್ದಾಳೆ ಎನ್ನುವುದಕ್ಕೆ ಯಾವ ತಾಯಿ ಹೆದರುತ್ತಾಳೆ? ನನ್ನ ಹೆದರಿಕೆ ಬೇರೆಯೇ ಇತ್ತು. ಆಟಿ ಬಂದರೆ ಅವಳನ್ನು ಕಳಿಸಿಬಿಡುತ್ತಾರೆ, ಕಾರ್ಕಳದ ಯಾವುದೋ ಮನೆಯ ಸೊಸೆಯಾಗಿ ಹೋಗಿಬಿಡುತ್ತಾಳೆ, ಆಮೇಲೆ ನನ್ನ ಕಪಾಟಿನಲ್ಲಿ ಬರೀ ಟೊಪ್ಪಿ ಇರುತ್ತದೆ. ನಾನು ಕೊಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಗಂಡನಿಗೂ ಹಾಗೆಯೇ ಹೇಳಿದೆ. ಅವರು ಊಟದ ತಟ್ಟೆ ನೋಡುತ್ತಾ, ಅಮ್ಮನ ಮನಸ್ಸಿಗೆ ಸಮಾಧಾನವಾಗುವುದಾದರೆ ಆಗಲಿ ಬಿಡು, ತಮ್ಮನ ಹುಡುಗಿಯ ಮದುವೆಯ ಪ್ರಶ್ನೆ ಎಂದರು. ನಿಮಗೇನು, ನೀವು ಎತ್ತಿಕೊಂಡದ್ದುಂಟಾ ಎಂದು ನನ್ನ ಬಾಯಿಂದ ಬಂತು. ಅವರು ಅರ್ಧ ಊಟಕ್ಕೇ ಕೈ ತೊಳೆದರು. ಆಡಿದ ಮಾತು ಅಲ್ಲಿಯೇ ಮೇಜಿನ ಮೇಲೆ ಉಳಿಯಿತು.

ಮೂಲೆಯ ಒದ್ದೆ ಮಾತ್ರ ನಿಲ್ಲಲಿಲ್ಲ. ಊರು ಸೇರಿದ ಬ್ಯಾರಿ ಹೆಂಗಸಿಗೆ ವಾಟ್ಸಾಪಿನಲ್ಲಿ ನನ್ನ ಗೋಳು ಹೇಳಿಕೊಂಡೆ, ಮೊಲದ್ದು ಮಾತ್ರ. ಅವಳು ವಾಯ್ಸ್ ಮೆಸೇಜ್ ಕಳಿಸಿದಳು: “ನೀವು ಎಂಥ ಅದರ ಹತ್ರ ಜಗಳ ಮಾಡೋದು? ಅದು ನಿಮ್ಮ ಟ್ರೇ ಹತ್ರ ಬರ್ಲಿಕ್ಕಿಲ್ಲ ಅಂದ್ರೆ ನೀವೇ ಟ್ರೇಯನ್ನು ಅದರ ಮೂಲೆಗೆ ಇಡಿ. ಖಲಾಸ್.” ಮೊಲ ಸಾಕುವವರ ದೊಡ್ಡ ಸೂತ್ರ ಅದು. ಅದು ಬಿಡದ ಮೂಲೆಯನ್ನು ಅದಕ್ಕೇ ಬಿಟ್ಟುಕೊಡಬೇಕು. ನಾನು ಇನ್ನೊಂದು ಟ್ರೇ ತಂದು ಕಪಾಟಿನ ಮುಂದೆ ಇಟ್ಟೆ. ಒದ್ದೆ ಪೇಪರು ಹಾಕಿದೆ, ಹುಲ್ಲು ಹಾಕಿದೆ. ಮರುದಿನದಿಂದ ನೆಲ ಒಣಗಿತು, ಅವಳು ಟ್ರೇಯಲ್ಲಿಯೇ ಕೂರತೊಡಗಿದಳು. ಟ್ರೇಯ ಹುಲ್ಲು ಹಳಿಗೆ ಸಿಕ್ಕಿ ಕಪಾಟಿನ ಜಾರುಬಾಗಿಲು ಪೂರ್ತಿ ಹಾಕಲಾಗುತ್ತಿರಲಿಲ್ಲ. ಒಂದು ಗೇಣು ತೆರೆದೇ ಇರುತ್ತಿತ್ತು. ನಾನೂ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.

ಆಟಿ ಹತ್ತಿರ ಬರುವಾಗ ಮನೆಯಲ್ಲಿ ಬಿಳಿ ರೋಮದ ಉಂಡೆಗಳು ಕಾಣತೊಡಗಿದವು. ಬೂದು ಗಂಡು ಕಚ್ಚಿರಬೇಕೆಂದು ಅವನನ್ನು ಬೈದೆ. ಪಾಪ, ಅವನು ಸೋಫಾದ ಅಡಿಗೆ ಸರಿದು ಕೂತ. ಬಿಳಿ ಹೆಣ್ಣನ್ನು ಎತ್ತಿ ನೋಡಿದರೆ ಎದೆ, ಹೊಟ್ಟೆಯ ರೋಮ ಕಿತ್ತು ಚರ್ಮ ಕಾಣುತ್ತಿತ್ತು, ಗಾಯವಿಲ್ಲ. ಕ್ಲಿನಿಕ್ಕಿಗೆ ಫೋನು ಮಾಡಿದೆ. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, ಹೆಣ್ಣಿಗೆ ಆಪರೇಷನ್ ಮಾಡಿಸಿಲ್ಲವಾ ಎಂದು. ಮಾಡಿಸಿರಲಿಲ್ಲ. ಹಿಂದೊಮ್ಮೆ ಆಕೆಯೇ ಹೇಳಿದಾಗ, ಅದರ ಗರ್ಭಕೋಶ ತೆಗೆಸಲು ನಾನು ಯಾರು ಎಂದು ಎದ್ದು ಬಂದಿದ್ದೆ. ಗಂಡಿಗೆ ಆಪರೇಷನ್ ಆಗಿದ್ದರೂ ಅವನು ಮೈಮೇಲೆ ಹತ್ತಿದರೆ ಸಾಕು, ಹೆಣ್ಣಿನ ಶರೀರ ತಾನು ಬಸುರಿ ಎಂದು ನಂಬಿಬಿಡುತ್ತದಂತೆ. ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಆದರೂ ತನ್ನ ರೋಮ ಕಿತ್ತು, ಹುಲ್ಲು ಹೊತ್ತು ಮರಿಗಳಿಗೆ ಗೂಡು ಮಾಡುತ್ತದೆ. ಕೆಲವು ದಿನ ಕಾದು, ಮರಿ ಇಲ್ಲವೆಂದು ತಿಳಿದ ಮೇಲೆ ತಾನಾಗಿ ಬಿಡುತ್ತದೆ. ಅಲ್ಲಿಯ ತನಕ ಗೂಡಿಗೆ ಕೈ ಹಾಕಬೇಡಿ ಎಂದರು.

ಫೋನು ಇಟ್ಟು ಬೆಡ್‌ರೂಮಿಗೆ ಹೋದೆ. ಕಪಾಟಿನ ಮುಂದಿನ ಟ್ರೇಯಲ್ಲಿ ಅವಳು ಒದ್ದೆ ಮಾಡಿರಲಿಲ್ಲ. ಹುಲ್ಲನ್ನೆಲ್ಲ ಒಂದು ಬದಿಗೆ ಎಳೆದು ಗುಂಡಿ ಮಾಡಿ, ಅದರ ಮೇಲೆ ಬಿಳಿ ರೋಮ ಹರಡಿದ್ದಳು. ರೋಮದ ನಡುವೆ ಹಳದಿ ಕಂಡಿತು. ಕಪಾಟಿನ ಸಂದಿನಿಂದ ಒಳಗೆ ನುಗ್ಗಿ, ಚೀಲ ಕಚ್ಚಿ ಹರಿದು, ಟೊಪ್ಪಿಯನ್ನು ಎಳೆದು ತಂದು ಗೂಡಿನ ನಡುವೆ ಇಟ್ಟಿದ್ದಳು. ಅದರ ಒಳಗೂ ಮೃದುವಾಗಿ ರೋಮ ತುಂಬಿದ್ದಳು, ಒಂದು ಸಣ್ಣ ತಲೆ ಇಡಲು ಬೇಕಾಗುವಷ್ಟು.

ಅಲ್ಲಿಯೇ ನೆಲದಲ್ಲಿ ಕೂತೆ. ಅಷ್ಟು ವರ್ಷ ಒಗೆಯದೆ ಕಾಪಾಡಿದ ವಾಸನೆ ಹೋಯಿತಲ್ಲ ಎಂದುಕೊಂಡೆ. ಕೈ ಚಾಚಿದೆ. ಅವಳು ಟ್ರೇಯ ಅಂಚಿಗೆ ಬಂದು ನನ್ನ ಕೈಯನ್ನು ಮುಂಗಾಲಿನಿಂದ ತಳ್ಳಿ ಗುರ್ರೆಂದಳು. ಇಲ್ಲದ ಮರಿಗಾಗಿ ಅಷ್ಟು ಕೋಪ. ನಾನು ಕೈ ಹಿಂದೆ ತೆಗೆದೆ. ಅವಳಿಗೆ ಯಾವ ಬಾಯಿಯಿಂದ ಬುದ್ಧಿ ಹೇಳಲಿ?

ಗಂಡ ಸಂಜೆ ಬಂದವರು ಬ್ಯಾಗು ಇಡಲು ಬೆಡ್‌ರೂಮಿಗೆ ಬಂದರು. ನಾನು ಇನ್ನೂ ನೆಲದಲ್ಲೇ ಕೂತಿದ್ದೆ. ಅವರು ಮೊದಲು ನನ್ನನ್ನು, ಆಮೇಲೆ ಟ್ರೇಯನ್ನು ನೋಡಿದರು. ಬ್ಯಾಗು ಕೈಯಲ್ಲಿದ್ದ ಹಾಗೆಯೇ ಬಗ್ಗಿದರು.

“ಇದು ನಾನು ಕಳಿಸಿದ್ದಲ್ವಾ?” ಎಂದರು.

ಹೌದೆಂದು ತಲೆಯಾಡಿಸಿದೆ. ಎಲ್ಲಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡೆ. ಜಗಳಕ್ಕೆ ಸಿದ್ಧಳಾಗಿಯೂ ಇದ್ದೆ. ಅವರು ಅದನ್ನು ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಬೇರೆಯೇ ಕೇಳಿದರು.

“ಅವಳಿಗೆ ಸರಿ ಆಗ್ತಿತ್ತಾ?”

“ದೊಡ್ಡದಾಗ್ತಿತ್ತು ಮಾರಾಯ್ರೆ. ಕಣ್ಣಿನ ತನಕ ಬರ್ತಿತ್ತು. ನಾನು ಅಂಚು ಮಡಚಿ ಹಾಕ್ತಿದ್ದೆ.”

ಅವರು ನಕ್ಕರು, ನಗು ಅರ್ಧದಲ್ಲಿ ಅಳುವಾಯಿತು. ಅಳತೆ ಗೊತ್ತಿರಲಿಲ್ಲ, ಅಂಗಡಿಯವನಿಗೆ ನನ್ನ ಮುಷ್ಟಿ ತೋರಿಸಿ ಇಷ್ಟು ಇರಬಹುದು, ಇನ್ನೂ ಸ್ವಲ್ಪ ದೊಡ್ಡದೇ ಕೊಡಿ, ಬೆಳೆಯುತ್ತಾಳಲ್ಲ ಎಂದಿದ್ದೆ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆ ಮಗುವಿನ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವರಿಗೆ ನೋವಿಲ್ಲ ಎಂದು ನಾನು ಹೇಗೆ ತಿಳಿದಿದ್ದೆನೋ, ದೇವರಿಗೇ ಗೊತ್ತು. ಬೂದು ಗಂಡು ಬಾಗಿಲ ಹತ್ತಿರ ಬಂದು ನಮ್ಮಿಬ್ಬರನ್ನೂ ನೋಡಿ ಹಿಂದೆ ಹೋದ.

ಆಮೇಲೆ ಅವರು ಟ್ರೇಯ ಕಡೆ ನೋಡುತ್ತಾ ಹೇಳಿದರು. “ಅದರ ಬಾಣಂತನ ಮುಗಿಯಲಿ. ಆಮೇಲೆ ಟೊಪ್ಪಿ ನನಗೆ ಕೊಡು, ನಾನು ಊರಿಗೆ ಹೋಗ್ತೇನೆ. ಧಾರೆ ಎರೆಯುವವ ಅಪ್ಪ ಅಲ್ವಾ? ಕೊಡ್ಬೇಕಾದ್ರೆ ಒಮ್ಮೆಯಾದ್ರೂ ನನ್ನ ಕೈಯಲ್ಲಿ ಇರ್ಬೇಕಲ್ಲ.”

ಕೊಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮನಸ್ಸು ಅಲ್ಲಿಯೇ ಕುಸಿಯಿತು. ಮಾಮಿಗೆ ಇಲ್ಲ ಎಂದಿದ್ದೆ, ಪ್ರಶ್ನೆಯ ಮಾತಿಗೆ ಬಗ್ಗಿರಲಿಲ್ಲ, ಮೈದುನನ ಮಗಳ ಮದುವೆಗೂ ಕರಗಿರಲಿಲ್ಲ. ಇವರಿಗೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಎತ್ತಿಕೊಂಡದ್ದುಂಟಾ ಎಂದು ಕೇಳಿದವಳು ನಾನೇ ಅಲ್ಲವೇ.

ಬಿಳಿ ಹೆಣ್ಣು ಕೆಲವು ದಿನ ಗೂಡು ಕಾದಳು. ಸರಿಯಾಗಿ ತಿನ್ನಲಿಲ್ಲ. ನಾನು ಕೊತ್ತಂಬರಿ ಸೊಪ್ಪನ್ನು ಟ್ರೇಯ ಪಕ್ಕದಲ್ಲಿಟ್ಟು, ತಿನ್ನು ಮಗಾ ಎಂದು ಪುಸಲಾಯಿಸುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅವಳು ಹಾಲಿನಲ್ಲಿ ಬೂದು ಗಂಡಿನ ಪಕ್ಕ ಮೈಚಾಚಿ ಮಲಗಿದ್ದಳು, ಅವನು ಅವಳ ಕಿವಿ ನೆಕ್ಕುತ್ತಿದ್ದ. ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ಗಂಡ ಟ್ರೇಯ ಮುಂದೆ ಮಂಡಿಯೂರಿ ಕೂತು, ಎರಡೂ ಕೈ ಹಾಕಿ ಟೊಪ್ಪಿಯನ್ನು ಎತ್ತಿದರು, ಅಡಿಗೆ ಅಂಗೈ ಕೊಟ್ಟು, ಕತ್ತು ನಿಲ್ಲದ ಮಗುವನ್ನು ಎತ್ತುವ ಕ್ರಮದಲ್ಲೇ. ಒಳಗಿನ ರೋಮವನ್ನು ತೆಗೆಯಲಿಲ್ಲ. ಒಗೆಯಬೇಕಾ ಎಂದು ಕೇಳಿದರು. ಬೇಡ ಎಂದೆ.

ನಾನು ಊರಿಗೆ ಹೋಗಲಿಲ್ಲ. ಮೊಲಗಳನ್ನು ನೋಡಿಕೊಳ್ಳಲು ಜನ ಇಲ್ಲ ಎಂದು ಎಲ್ಲರಿಗೂ ಹೇಳಿದೆ. ಮಗಳ ಮದುವೆಗಿಂತ ಮೊಲ ಹೆಚ್ಚಾಯಿತಾ ಎಂದು ಮಾಮಿ ಕೊಂಕು ತೆಗೆದರು. ಅನ್ನಲಿ. ನನ್ನಿಂದ ನೋಡಲು ಆಗುತ್ತಿರಲಿಲ್ಲ, ಅದು ನಿಜ. ಏರ್‌ಪೋರ್ಟಿಗೆ ಹೊರಡುವಾಗ ಟೊಪ್ಪಿಯನ್ನು ಸೂಟ್‌ಕೇಸಿಗೆ ಹಾಕಿ ಎಂದರೆ ಗಂಡ ಕೇಳಲಿಲ್ಲ. ಅಂಗಿಯ ಒಳಗೆ, ಎದೆಯ ಹತ್ತಿರ ಇಟ್ಟುಕೊಂಡರು.

ಮದುವೆ ಆಟಿಯ ಒಂದು ಆದಿತ್ಯವಾರ. ಮಧ್ಯಾಹ್ನ ಗಂಡ ಫೋಟೋ ಕಳಿಸಿದರು. ಮಣೆಯ ಮೇಲೆ ಕೆಂಪು ಧಾರೆಸೀರೆ, ಹಸಿರು ಬಳೆ, ಉಡುಪಿ ಮಲ್ಲಿಗೆಯ ಚೆಂಡು, ಎಲ್ಲದರ ಮೇಲೆ ಹಳದಿ ಟೊಪ್ಪಿ. ಪಕ್ಕದ ಮಣೆಯಲ್ಲಿ ಪಂಚೆ, ಶಾಲು. ಟೊಪ್ಪಿಯ ಅಂಚು ಮಡಚಿತ್ತು. ಮಡಚಲು ನಾನು ಹೇಳಿರಲಿಲ್ಲ, ಅವರೇ ಮಡಚಿದ್ದರು. ಬಿಳಿ ರೋಮದ ಒಂದು ಎಳೆ ಸೀರೆಯ ಮೇಲೆ ಬಿದ್ದದ್ದೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾಮಿಯ ಫೋನು. ಮಾಮಿ ಅಳುತ್ತಿದ್ದರು. ಟೊಪ್ಪಿ ಮೂಸಿ ನೋಡಿದೆ, ಮಗುವಿನ ವಾಸನೆ ಇನ್ನೂ ಉಂಟು, ನೀನು ಇಟ್ಟದ್ದು ಒಳ್ಳೆಯದಾಯಿತು ಎಂದರು. ಸುಟ್ಟವರ ಬಾಯಿಂದ ಆ ಮಾತು! ಅದು ಒಣಹುಲ್ಲು ಮತ್ತು ಮೊಲದ ವಾಸನೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕೊನೆಗೆ ಮಾಮಿ ಹೇಳಿದರು, ನಿನ್ನ ಮಗಳು ಗಂಡನ ಮನೆಗೆ ಹೋದಳು, ಟೊಪ್ಪಿಯೂ ಸೀರೆಯ ಜೊತೆ ಹೋಯಿತು, ಇನ್ನು ಎಲ್ಲ ಸರಿಯಾಗುತ್ತದೆ ಎಂದು.

ಸರಿಯಾಯಿತು. ಮೈದುನನ ಮಗಳಿಗೆ ಮುಂದಿನ ವರ್ಷ ಮದುವೆಯಾಯಿತು, ಅದರ ಕಾರಣ ಯಾರು ಏನು ಹೇಳಿದರೂ ನನ್ನ ತಕರಾರಿಲ್ಲ. ನಮ್ಮ ಫ್ಲ್ಯಾಟಿನಲ್ಲೂ ಸರಿಯಾಯಿತು. ಅಂದು ಮಾಮಿಯ ಫೋನು ಇಟ್ಟು ನಾನು ಬೆಡ್‌ರೂಮಿಗೆ ಹೋದೆ. ಕಪಾಟಿನ ಮುಂದಿನ ಟ್ರೇಯಲ್ಲಿ ಬೆಳಿಗ್ಗೆ ಹಾಕಿದ ಹುಲ್ಲು ಹಾಗೆಯೇ ಇತ್ತು. ಪೇಪರು ಒಣಗಿತ್ತು. ಹಾಲಿಗೆ ಬಂದು ನೋಡಿದರೆ ಬಿಳಿಯೂ ಬೂದುವೂ ಒಂದೇ ಟ್ರೇಯಲ್ಲಿ ಒತ್ತಿಕೊಂಡು ಕೂತು ಹುಲ್ಲು ಮೆಲ್ಲುತ್ತಿದ್ದವು. ಜೋಡಿ ಕೂಡಿತು, ಕಲಿಕೆ ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಅಷ್ಟು ದಿನ ವಿನೆಗರ್ ಸುರಿದು ನಾನು ಬೇಡಿಕೊಂಡದ್ದೂ ಅದನ್ನೇ.

ಬಿಳಿ ಹೆಣ್ಣನ್ನು ಎತ್ತಿಕೊಂಡು ಹೋಗಿ ಕಪಾಟಿನ ಮುಂದೆ ಬಿಟ್ಟೆ. ಅವಳು ಕಪಾಟಿನ ಕಡೆ ಕಿವಿ ತಿರುಗಿಸಲಿಲ್ಲ. ಮುಖ ತೊಳೆದುಕೊಂಡು, ಕುಪ್ಪಳಿಸಿ ಹಾಲಿಗೆ ಹೋದಳು. ಆಗ ನಾನು ಮಾಡಿದ್ದನ್ನು ಯಾರಾದರೂ ನೋಡಿದ್ದರೆ ಮಂಡೆ ಸರಿಯಿಲ್ಲ ಎನ್ನುತ್ತಿದ್ದರು. ಹಾಲಿನ ಟ್ರೇಯಿಂದ ಒದ್ದೆ ಪೇಪರಿನ ಒಂದು ತುಂಡು ಹರಿದು ತಂದು, ಕಪಾಟಿನ ಮುಂದಿನ ಟ್ರೇಯಲ್ಲಿ ಹಾಕಿದೆ. ವಾಸನೆ ಇದ್ದಲ್ಲಿಗೆ ತಿರುಗಿ ಬರುತ್ತದೆ ಎಂಬ ವಿದ್ಯೆ ನನ್ನ ಕೈಯಲ್ಲಿತ್ತಲ್ಲ. ಹೊಸ ಹುಲ್ಲು ತುಂಬಿದೆ. ಕಪಾಟಿನ ಬಾಗಿಲನ್ನು ಒಂದು ಗೇಣು ಸರಿಸಿ, ಗೋಡೆಗೆ ಒರಗಿ ಕೂತೆ. ಏಸಿ ಒಮ್ಮೆ ನಿಂತು, ಮತ್ತೆ ಶುರುವಾಯಿತು.

ಮೊಲ ಬರಲಿಲ್ಲ. ಮಗಳೂ ಬರಲಿಲ್ಲ. ಕತ್ತಲಾಗುವ ತನಕ ಕಾದು, ಎದ್ದು ಟ್ರೇಯನ್ನು ಬಾತ್‌ರೂಮಿಗೆ ಒಯ್ದು ಪೂರ್ತಿ ತೊಳೆದೆ.